ಹದಿನಾರು ಕಾರು, ಒಂಬತ್ತು ಅಭಾವ

ನ್ಯಾಯ-ವೈಶೇಷಿಕ ಶಾಸ್ತ್ರದ ಮೊದಲ ಪುಸ್ತಕವಾದ ತರ್ಕಸಂಗ್ರಹದ ಪಾಠದಲ್ಲಿ ಹುಡುಗರು ನಗುವ ಜಾಗ ಒಂದಿದೆ. ದ್ರವ್ಯ, ಗುಣ, ಕರ್ಮ, ಸಾಮಾನ್ಯ, ವಿಶೇಷ, ಸಮವಾಯ ಎಂಬ ಆರರ ತನಕ ಬಾಯಿ ಮುಚ್ಚಿಕೊಂಡು ಬರೆದುಕೊಳ್ಳುತ್ತಾರೆ. ಏಳನೆಯ ಪದಾರ್ಥ ಅಭಾವ ಅಂದ ತಕ್ಷಣ ಹಿಂದಿನ ಸಾಲಿನಿಂದ ಕಿಸಕ್ಕೆಂದು ಸದ್ದು ಬರುತ್ತದೆ. ಇಲ್ಲದ್ದು ಅದು ಹೇಗೆ ಒಂದು ಪದಾರ್ಥವಾಯಿತು ಸಾರ್? ನೆಲದ ಮೇಲೆ ಗಡಿಗೆ ಇಲ್ಲ ಅಂದರೆ ಬರಿಯ ನೆಲ ಇದೆ ಅಂತ, ಅಷ್ಟೇ ತಾನೆ? ಪ್ರಾಭಾಕರ ಮೀಮಾಂಸಕರೂ ಇದನ್ನೇ ಹೇಳಿದ್ದರು ಎಂದು ಆ ಹುಡುಗನನ್ನು ಸ್ವಲ್ಪ ಉಬ್ಬಿಸಿ ಆಮೇಲೆ ಉತ್ತರ ಕೊಡುತ್ತಿದ್ದೆ. ಉತ್ತರ ಗಟ್ಟಿಯಾದದ್ದೇ, ಉದಾಹರಣೆ ಮಾತ್ರ ಸಪ್ಪೆ. ಗಡಿಗೆ ಇಲ್ಲವಲ್ಲಾ ಎಂದು ಯಾರೂ ನಿದ್ದೆ ಕೆಡಿಸಿಕೊಂಡಿಲ್ಲ, ಅದರ ಇಲ್ಲದಿರುವಿಕೆಗೆ ಯಾರೂ ಕಾಸು ಬಿಚ್ಚಿಲ್ಲ. ಇಲ್ಲದಿರುವುದಕ್ಕೇ ಜನ ಕೋಟಿಗಟ್ಟಲೆ ಕೊಡುತ್ತಾರೆಂದು ನನಗೆ ತಿಳಿದದ್ದು ಪಾಠಶಾಲೆಯಿಂದ ನಿವೃತ್ತಿಯಾದ ಮೇಲೆ, ಮಗಳ ಮನೆಗೆಂದು ಇಂಗ್ಲೆಂಡಿನ ಕವೆಂಟ್ರಿಗೆ ಹೋದಾಗ.

ಅಳಿಯ ಎಂಜಿನಿಯರ್, ಹಳೆಯ ರೇಸ್ ಕಾರುಗಳ ಹುಚ್ಚಿನವನು. ನನಗೆ ಕಾರೆಂದರೆ ಅಂಬಾಸಿಡರ್, ಅದೂ ಹಿಂದಿನ ಸೀಟು. ಒಂದು ರಾತ್ರಿ ಊಟಕ್ಕೆ ಕೂತಾಗ ಅವನು ಹೇಳಿದ: "ಇದೇ ಊರಲ್ಲಿ 1957ರಲ್ಲಿ ಒಂದು ಕಾರು ಮಾಡಿದ್ರು ಮಾವ. 25 ಮಾಡಬೇಕು ಅಂತಿದ್ರು. 16 ಆಯ್ತು, 9 ಸುಟ್ಟುಹೋಯ್ತು. 2016ರಲ್ಲಿ ಕಂಪನಿಯವರು ಆ 9ನ್ನೂ ಮಾಡಿ ಮುಗಿಸ್ತೀವಿ ಅಂತ ಹೊರಟ್ರು." ನಾನು ತಟ್ಟೆಯಿಂದ ತಲೆ ಎತ್ತಿದೆ. "ಯಾವ 9ನ್ನು?" ಎಂದೆ. ಅಲ್ಲಿ ಶುರುವಾದ ಜಗಳ ನಾನು ಮೈಸೂರಿಗೆ ಮರಳಿದ ಮೇಲೂ ವಾಟ್ಸ್ಯಾಪಿನಲ್ಲಿ ನಡೆದೇ ಇದೆ.

ಕಾರಿನ ಹೆಸರು ಜಾಗ್ವಾರ್ ಎಕ್ಸ್‌ಕೆಎಸ್‌ಎಸ್. ಅದು ಡಿ-ಟೈಪ್ ಎಂಬ ರೇಸ್ ಕಾರಿನ ಮೈಯಿಂದಲೇ ಬಂದದ್ದು. ಫ್ರಾನ್ಸಿನ ಲ ಮಾನ್ ಊರಿನಲ್ಲಿ 24 ಗಂಟೆ ಎಡೆಬಿಡದೆ ಓಡಿಸುವ ಪಂದ್ಯವೊಂದಿದೆಯಲ್ಲ, ಅದನ್ನು ಗೆಲ್ಲಬೇಕೆಂದೇ 1954ರಲ್ಲಿ ಡಿ-ಟೈಪ್ ಮಾಡಿದರು. ಆಕಾರ ಬಿಡಿಸಿದವನು ಮಾಲ್ಕಂ ಸೇಯರ್, ವಿಮಾನ ಕಂಪನಿಯಿಂದ ಬಂದ ಲೆಕ್ಕದ ಮನುಷ್ಯ. ವೇಗದಲ್ಲಿ ಕಾರು ಅತ್ತಿತ್ತ ವಾಲದೆ ನೇರ ಓಡಲೆಂದು ಚಾಲಕನ ತಲೆಯ ಹಿಂದೆ ಎತ್ತರದ ರೆಕ್ಕೆಯೊಂದನ್ನು ನಿಲ್ಲಿಸಿದ್ದ. 1955, 1956, 1957, ಮೂರು ವರ್ಷ ಸಾಲಾಗಿ ಆ ಕಾರು ಗೆದ್ದಿತು. 1955ರದನ್ನು ಗೆಲುವೆನ್ನಲು ನಾಲಿಗೆ ಏಳುವುದಿಲ್ಲ. ಅಂದು ಒಂದು ಮರ್ಸಿಡಿಸ್ ಕಾರು ಜನರ ನಡುವೆ ಹಾರಿಬಿದ್ದು 80ಕ್ಕೂ ಹೆಚ್ಚು ಮಂದಿ ಸತ್ತರು. ಜಾಗ್ವಾರ್ ಕಟ್ಟಿದ ವಿಲಿಯಂ ಲಯನ್ಸ್‌ನ ಒಬ್ಬನೇ ಮಗ ಜಾನ್ ಅದೇ ಪಂದ್ಯಕ್ಕೆ ಹೊರಟಿದ್ದವನು ಫ್ರಾನ್ಸಿನ ರಸ್ತೆಯಲ್ಲಿ ಅಪಘಾತಕ್ಕೆ ಸಿಕ್ಕಿ ತೀರಿಕೊಂಡಿದ್ದ. ಅಳಿಯ ಇದನ್ನು ಮೊದಲ ದಿನ ಹೇಳಲಿಲ್ಲ. ಅವನಿಗೆ ಅದು ಕಾರಿನ ಚರಿತ್ರೆಯ ಅಂಚಿನಲ್ಲಿ ಬರೆದಿಡುವ ಸಂಗತಿ.

1956ರ ಪಂದ್ಯಗಳು ಮುಗಿದ ಮೇಲೆ ಕಂಪನಿ ರೇಸಿನಿಂದ ಹಿಂದೆ ಸರಿಯಿತು. ಕವೆಂಟ್ರಿಯ ಬ್ರೌನ್ಸ್ ಲೇನ್ ಕಾರ್ಖಾನೆಯಲ್ಲಿ ಮಾರಾಟವಾಗದ ಡಿ-ಟೈಪ್‌ಗಳು ಉಳಿದವು. ರೇಸ್ ಓಡಿಸದವನು ರೇಸ್ ಕಾರನ್ನು ಏಕೆ ಕೊಂಡಾನು? ಲಯನ್ಸ್ ವ್ಯವಹಾರಸ್ಥ, ಒಂದು ಚೂರು ತಗಡೂ ದಂಡವಾಗುವುದನ್ನು ಸಹಿಸದವನು. ಅಮೆರಿಕದಲ್ಲಿ ರಸ್ತೆಯ ಮೇಲೂ ಓಡಿಸಬಹುದಾದ, ವಾರಕ್ಕೊಮ್ಮೆ ಅಲ್ಲಿಯ ಕ್ಲಬ್ಬುಗಳ ಪಂದ್ಯಕ್ಕೂ ಇಳಿಸಬಹುದಾದ ಕಾರಿಗೆ ಗಿರಾಕಿಗಳಿದ್ದರು. ಸರಿ, ಬೆನ್ನಿನ ರೆಕ್ಕೆ ಕತ್ತರಿಸಿದರು. ಎರಡು ಸೀಟಿನ ನಡುವಿದ್ದ ಗೋಡೆ ತೆಗೆದರು. ಚಾಲಕನ ಪಕ್ಕದಲ್ಲಿ ಕೂರುವವನಿಗೂ ಒಂದು ಬಾಗಿಲು ಇಟ್ಟರು. ಅಗಲದ ಗಾಜು, ಮಳೆ ಬಂದರೆ ಎಳೆದುಕೊಳ್ಳಲು ಬಟ್ಟೆಯ ಮಾಡು, ತೆಳ್ಳನೆಯ ಬಂಪರ್, ಹಿಂದುಗಡೆ ಪೆಟ್ಟಿಗೆ ಕಟ್ಟಲು ಒಂದು ಚೌಕಟ್ಟು. ಇಷ್ಟಾದರೆ ಡಿ-ಟೈಪ್ ಹೋಗಿ ಎಕ್ಸ್‌ಕೆಎಸ್‌ಎಸ್ ಆಯಿತು. 1957ರ ಫೆಬ್ರವರಿ 12ರ ಸಂಜೆ ಕಾರ್ಖಾನೆಗೆ ಬೆಂಕಿ ಬಿತ್ತು. ನೂರಾರು ಕಾರುಗಳು ಹಾಳಾದವು, ಅದರಲ್ಲಿ ಎಕ್ಸ್‌ಕೆಎಸ್‌ಎಸ್ ಆಗುತ್ತಿದ್ದ 9 ಇದ್ದವು. ಕೆಲವೇ ದಿನಗಳಲ್ಲಿ ಕಾರ್ಖಾನೆ ಮತ್ತೆ ಕೆಲಸಕ್ಕೆ ನಿಂತಿತು. ಎಕ್ಸ್‌ಕೆಎಸ್‌ಎಸ್ ಮಾತ್ರ 16ಕ್ಕೆ ನಿಂತುಹೋಯಿತು. ಹೆಚ್ಚಿನವು ಅಮೆರಿಕ ಸೇರಿದವು. ಒಂದು ನಟ ಸ್ಟೀವ್ ಮೆಕ್ವೀನ್‌ನದಾಯಿತು. ಈಗ ಲಾಸ್ ಏಂಜಲೀಸಿನ ಪೀಟರ್ಸನ್ ವಸ್ತುಸಂಗ್ರಹಾಲಯದಲ್ಲಿದೆ.

"16 ಎಂಬುದು ಖಚಿತವೇ?" ಎಂದು ಕೇಳಿದೆ. ತರ್ಕದವರ ಕೆಟ್ಟ ಚಾಳಿ. ಅಳಿಯ ಸ್ವಲ್ಪ ತಡೆದು, 1958ರಲ್ಲಿ ಇನ್ನೆರಡು ಡಿ-ಟೈಪ್‌ಗಳನ್ನು ಕಾರ್ಖಾನೆಯಲ್ಲೇ ಎಕ್ಸ್‌ಕೆಎಸ್‌ಎಸ್ ಆಗಿ ಬದಲಿಸಿಕೊಟ್ಟರು, ಅವನ್ನು ಸೇರಿಸುವವರು 18 ಅಂತಾರೆ ಎಂದ. ಡಿ-ಟೈಪ್ ಎಷ್ಟು? ಕಾರ್ಖಾನೆ ತನ್ನ ತಂಡಕ್ಕೆಂದು ಮಾಡಿಕೊಂಡದ್ದು 18, ಗಿರಾಕಿಗಳಿಗೆ ಮಾರಿದ್ದು 53, ಒಟ್ಟು 71. ರಸ್ತೆಯ ಉಡುಪು ತೊಟ್ಟ 16ನ್ನೂ ಸೇರಿಸಿದರೆ 87. ಕಂಪನಿಯೇ 2018ರಲ್ಲಿ ಹೇಳಿದ್ದು 75. "ಇದರಲ್ಲಿ ಸರಿ ಯಾವುದು ನೀವೇ ಹೇಳಿ" ಎಂದು ಅವನು ರೇಗಿದ. ಒಂದೊಂದು ಅಂಕೆಗೂ ಒಬ್ಬೊಬ್ಬ ಪಂಡಿತ, ಒಂದೊಂದು ಪುಸ್ತಕ. ಈ ಲೋಕದಲ್ಲಿ ನಮ್ಮ ಮಠಗಳಿಗಿಂತ ಹೆಚ್ಚು ಪಾಠಾಂತರಗಳಿವೆ.

ವೈಶೇಷಿಕರು ಸಂಖ್ಯೆಯನ್ನು 24 ಗುಣಗಳಲ್ಲಿ ಒಂದಾಗಿ ಎಣಿಸಿದವರು. ಕೆಂಪು ಹೇಗೆ ಹೂವಿನಲ್ಲಿದೆಯೋ ಸಂಖ್ಯೆಯೂ ಹಾಗೆಯೇ ದ್ರವ್ಯದಲ್ಲಿದೆ. ಆದರೆ ಅವರು ಒಂದು ಸೂಕ್ಷ್ಮ ಕಂಡುಕೊಂಡಿದ್ದರು. ಒಂದು ಎಂಬುದು ವಸ್ತುವಿನ ಜೊತೆಗೇ ಇರುತ್ತದೆ, ಯಾರೂ ನೋಡದಿದ್ದರೂ ಇರುತ್ತದೆ. ಎರಡರಿಂದ ಮುಂದಿನದು ಹಾಗಲ್ಲ. ಎದುರಿಗೆ ನಿಂತವನೊಬ್ಬ ಇದೊಂದು, ಇದೊಂದು ಎಂದು ಒಟ್ಟಿಗೆ ಹಿಡಿದು ಅರಿತಾಗ ಮಾತ್ರ ಎರಡು ಹುಟ್ಟುತ್ತದೆ. ಆ ಅರಿವಿಗೆ ಅಪೇಕ್ಷಾಬುದ್ಧಿ ಎಂದು ಹೆಸರು. ಅದು ಹೋದರೆ ಎರಡೂ ಹೋಯಿತು. ಹಾಗೆಂದು ಎರಡು ಎಂಬುದು ನೋಡುವವನ ಕಲ್ಪನೆ ಎಂದು ಅವರು ಹೇಳುವುದಿಲ್ಲ, ಅದು ಬೌದ್ಧರ ದಾರಿ. ಹುಟ್ಟಿಸಿದ್ದು ಬುದ್ಧಿ, ಹುಟ್ಟಿದ್ದು ಮಾತ್ರ ವಸ್ತುವಿನಲ್ಲಿ. ಈ ಮಾತು ನನಗೆ ಓದಿಸುವಾಗ ಅರ್ಥವಾಗಿದ್ದಕ್ಕಿಂತ ಡಿ-ಟೈಪ್ ಲೆಕ್ಕ ಕೇಳಿದ ಮೇಲೆ ಹೆಚ್ಚು ಅರ್ಥವಾಯಿತು. 71 ಸುಳ್ಳಲ್ಲ, 87 ಸುಳ್ಳಲ್ಲ. ಏನನ್ನು ಒಟ್ಟಿಗೆ ಹಿಡಿಯಬೇಕೆಂದು ಹೊರಟಿರೋ ಅದಕ್ಕೆ ತಕ್ಕ ಅಂಕೆ ಆ ಕಾರುಗಳಲ್ಲೇ ಹುಟ್ಟುತ್ತದೆ. ಸುಳ್ಳಾಗುವುದು ಯಾವಾಗ ಅಂದರೆ, ಒಂದನ್ನು ಎಣಿಸಲು ಹೊರಟ ಬುದ್ಧಿ ಇನ್ನೊಂದನ್ನು ಎಣಿಸಿದ್ದೇನೆ ಎಂದು ಹೇಳಿಕೊಂಡಾಗ.

ಇದರಲ್ಲಿ ಪಳಗಿದವನು ಇಟಲಿಯ ಎಂಜೋ ಫೆರಾರಿ. ಅವನ 250 ಜಿಟಿಒ ಇಂದು ಜಗತ್ತಿನ ಅತಿ ಬೆಲೆಯ ಕಾರುಗಳ ಪಂಕ್ತಿಯಲ್ಲಿ ಕೂರುವಂಥದ್ದು. ಆ ಕಾಲದ ನಿಯಮ ಹೇಳುತ್ತಿತ್ತು: ಜಿಟಿ ವರ್ಗದಲ್ಲಿ ಓಡಬೇಕಾದರೆ ಅಂಥ 100 ಕಾರು ಮಾಡಿರಬೇಕು. 1962ರಿಂದ 1964ರ ತನಕ ಫೆರಾರಿ ಮಾಡಿದ್ದು 36. ನಾಲ್ಕು ಲೀಟರ್ ಎಂಜಿನ್ನಿನ ಮೂರನ್ನು ಸೇರಿಸುವವರಿಗೆ 39. ಆದರೂ ಜಿಟಿಒ ಓಡಿತು, ಗೆದ್ದಿತು. ಹೇಗೆಂದರೆ, ಇದು ಹೊಸ ಕಾರಲ್ಲ, ನಾವು ಮೊದಲಿಂದ ಮಾಡುತ್ತ ಬಂದ 250 ಜಿಟಿಯ ಮುಂದಿನ ರೂಪ ಎಂದರು. ಹಳೆಯದನ್ನೂ ಸೇರಿಸಿ ಹಿಡಿದರೆ 100 ತಾನಾಗಿ ದಾಟುತ್ತದೆ. ಅದೇ ಫೆರಾರಿ ಮುಂದೆ 250 ಎಲ್ಎಂ ಎಂಬ ಕಾರನ್ನು ಇದೇ ಮಂತ್ರ ಹಾಕಿ ನುಗ್ಗಿಸಲು ಹೋದಾಗ ಅಧಿಕಾರಿಗಳು ಒಪ್ಪಲಿಲ್ಲ. ಅದರ ಎಂಜಿನ್ ಚಾಲಕನ ಬೆನ್ನ ಹಿಂದಿತ್ತು. ಮುಂದೆ ಎಂಜಿನ್ ಇರುವ ಕಾರಿನ ಮುಂದಿನ ರೂಪ ಎಂದರೆ ಯಾರು ನಂಬುತ್ತಾರೆ? ಅಪೇಕ್ಷಾಬುದ್ಧಿಗೂ ಒಂದು ಲಜ್ಜೆ ಬೇಕು.

ವರ್ಷದ ಪ್ರಶ್ನೆ ಇದಕ್ಕಿಂತ ಸಿಕ್ಕಿನದು. ನಮ್ಮಲ್ಲಿ ಹಳೆಯ ಕಾರು ಕೊಳ್ಳಲು ಹೋದವನು ಮೊದಲು ಕೇಳುವುದು "ಯಾವ ಮಾಡೆಲ್ ಸ್ವಾಮಿ?" ಅಂತ, ಅಂದರೆ ಯಾವ ವರ್ಷದ್ದು ಅಂತ. 36 ಜಿಟಿಒಗಳಲ್ಲಿ 33 ಹಳೆಯ ಆಕಾರದವು, ಮೂರು 1964ರ ಹೊಸ ಆಕಾರದವು. ಇಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಆದರೆ ಹಳೆಯ ನಾಲ್ಕು ಕಾರುಗಳ ಮೈ ಬಿಚ್ಚಿ ಅವಕ್ಕೂ 1964ರ ಮೈ ತೊಡಿಸಿದರು. ಅದರಲ್ಲಿ ಒಂದು, 3413 ಸಂಖ್ಯೆಯದು, 2018ರಲ್ಲಿ ಅಮೆರಿಕದ ಮಾಂಟರೆಯಲ್ಲಿ 4.84 ಕೋಟಿ ಡಾಲರಿಗೆ ಹರಾಜಾಯಿತು. ಹರಾಜಿನವರು ಅದನ್ನು 1962ರ ಕಾರೆಂದೇ ಕರೆದರು. ಕಣ್ಣಿಗೆ ಕಾಣುವುದೆಲ್ಲ 1964.

ಡಿ-ಟೈಪಿನಲ್ಲಿ ಈ ತೊಡಕಿನ ಬೀಜ ಬಿತ್ತಿದ್ದೇ ಒಂದು ವರ್ಷದ ಬದಲಾವಣೆ. 1954ರ ಕಾರಿನಲ್ಲಿ ಎಂಜಿನ್ ಹೊರುವ ಮುಂದಿನ ಚೌಕಟ್ಟನ್ನು ಮನುಷ್ಯ ಕೂರುವ ನಡುಭಾಗಕ್ಕೆ ಬೆಸೆದುಬಿಟ್ಟಿದ್ದರು. ಅಪಘಾತವಾದರೆ ರಿಪೇರಿ ಪ್ರಾಣಸಂಕಟ. ಅದಕ್ಕೆ 1955ರಿಂದ ಉಕ್ಕಿನ ಚೌಕಟ್ಟು ಮಾಡಿ ಬೋಲ್ಟ್ ಹಾಕಿ ಕೂಡಿಸಿದರು. ಮೆಕ್ಯಾನಿಕ್‌ಗಳಿಗೆ ಹಬ್ಬವಾಯಿತು, ತಾರ್ಕಿಕರಿಗೂ. ಬೋಲ್ಟ್ ಬಿಚ್ಚಿದರೆ ಕಾರು ಎರಡಾಗುತ್ತದೆ. ಒಬ್ಬ ಮುಂದಿನ ಚೌಕಟ್ಟನ್ನು ಒಯ್ದು ಅದಕ್ಕೆ ಹೊಸ ನಡುಭಾಗ ಕಟ್ಟಿಸುತ್ತಾನೆ, ಇನ್ನೊಬ್ಬ ನಡುಭಾಗ ಒಯ್ದು ಹೊಸ ಚೌಕಟ್ಟು ಮಾಡಿಸುತ್ತಾನೆ. ಕೆಲವು ವರ್ಷಗಳಲ್ಲಿ ಒಂದೇ ಸಂಖ್ಯೆಯ ಎರಡು ಕಾರು. ಇಬ್ಬರು ಮಾಲೀಕರೂ ತಮ್ಮದೇ ನಿಜವಾದದ್ದು ಎನ್ನುತ್ತಾರೆ, ಇಬ್ಬರೂ ಪೂರಾ ಸುಳ್ಳು ಹೇಳುತ್ತಿಲ್ಲ.

ಗ್ರೀಕರ ರಾಜ ಮಿಲಿಂದನ ಮುಂದೆ ಭಿಕ್ಷು ನಾಗಸೇನ ಇಟ್ಟ ಪ್ರಶ್ನೆ ಇಂಥದ್ದೇ. ರಥದಲ್ಲಿ ಬಂದೆಯಲ್ಲ, ಅಚ್ಚು ರಥವೋ? ಗಾಲಿಯೋ? ನೊಗವೋ? ಯಾವುದೂ ಅಲ್ಲವಾದರೆ ರಥ ಎಂಬುದು ಬರೀ ಹೆಸರು. ಬೌದ್ಧನಿಗೆ ಸುಲಭ, ಬಿಡಿಭಾಗಗಳಿವೆ, ಇಡಿ ಎಂಬುದು ಇಲ್ಲವೇ ಇಲ್ಲ. ನೈಯಾಯಿಕ ಹಾಗೆ ಕೈ ತೊಳೆದುಕೊಳ್ಳಲಾರ. ಅವನಿಗೆ ಇಡಿಯೂ ನಿಜ, ನೂಲಿಗಿಂತ ಬಟ್ಟೆ ಬೇರೆಯೇ ಒಂದು ವಸ್ತು. ಆ ಹಟಕ್ಕೆ ಅವನು ದೊಡ್ಡ ದಂಡ ತೆರುತ್ತಾನೆ. ಬಟ್ಟೆಯಿಂದ ನಾಲ್ಕು ಎಳೆ ಕಿತ್ತರೆ ಹಳೆಯ ಬಟ್ಟೆ ನಾಶವಾಯಿತು, ಉಳಿದ ಎಳೆಗಳಲ್ಲಿ ಬೇರೊಂದು ಬಟ್ಟೆ ಹುಟ್ಟಿತು ಎಂದು ಒಪ್ಪಬೇಕಾಗುತ್ತದೆ. ಖಂಡಪಟ ಎಂದು ಅದಕ್ಕೆ ಹೆಸರೂ ಇಟ್ಟಿದ್ದಾನೆ. ಇದರಂತೆ 3413ನೇ ಜಿಟಿಒ 1962ರಲ್ಲಿ ಹುಟ್ಟಿ, ಮೈ ಬಿಚ್ಚಿದ ದಿನ ಸತ್ತು, 1964ರಲ್ಲಿ ಇನ್ನೊಂದು ಹುಟ್ಟಿತು. 4.84 ಕೋಟಿ ಡಾಲರ್ ಕೊಟ್ಟವರಿಗೆ ಇದನ್ನು ಹೇಳುವ ಧೈರ್ಯ ನನಗಿಲ್ಲ.

ಇಂಗ್ಲೆಂಡಿನ ನ್ಯಾಯಾಲಯವೊಂದು ಈ ಹಳ್ಳಕ್ಕೆ ನಿಜವಾಗಿಯೂ ಇಳಿದಿತ್ತು. 1929 ಮತ್ತು 1930ರಲ್ಲಿ ಲ ಮಾನ್ ಗೆದ್ದ 'ಓಲ್ಡ್ ನಂಬರ್ ಒನ್' ಎಂಬ ಬೆಂಟ್ಲಿ ಕಾರು. ಎಂಜಿನ್ ಬದಲಾಯಿತು, 1932ರಲ್ಲಿ ಬ್ರೂಕ್‌ಲ್ಯಾಂಡ್ಸ್ ಪಂದ್ಯದಲ್ಲಿ ಅಪಘಾತವಾಗಿ ಚಾಲಕ ಸತ್ತ, ಆಮೇಲೆ ಬೇರೆಯೇ ಮೈ ಕಟ್ಟಿದರು. 1990ರಲ್ಲಿ ಕೊಳ್ಳುವವರು ಒಂದು ಕೋಟಿ ಪೌಂಡಿಗೆ ಮಾತಾಡಿ, ಆಮೇಲೆ ಇದು ಆ ಕಾರೇ ಅಲ್ಲ ಎಂದು ತಕರಾರು ತೆಗೆದರು. ನ್ಯಾಯಾಧೀಶ ಒಟನ್ ಕೊಟ್ಟ ತೀರ್ಪು ನನ್ನ ವಿದ್ಯಾರ್ಥಿಗಳು ಬರೆದಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದೆ. ಮೊದಲ ಲೋಹ ಹೆಚ್ಚೇನೂ ಉಳಿದಿಲ್ಲ, ಹಾಗಾಗಿ ಮೂಲ ಎನ್ನಲಾಗದು. ಆದರೆ ಬದಲಾವಣೆಗಳು ಮೆಲ್ಲಮೆಲ್ಲಗೆ ಒಂದರ ಮೇಲೊಂದು ಆದವು, ಕಾರು ಎಂದೂ ಕಣ್ಮರೆಯಾಗಲಿಲ್ಲ, ಆ ಹೆಸರಿಗೆ ಹಕ್ಕು ಹೂಡುವ ಇನ್ನೊಂದು ಕಾರಿಲ್ಲ, ಆದ್ದರಿಂದ ಇದೇ ಅದು. ಶಾಸ್ತ್ರಕ್ಕಿಂತ ಇದು ಸಡಿಲ, ನಿಜ. ನೈಯಾಯಿಕನೂ ಲೋಕವ್ಯವಹಾರಕ್ಕೆ ಇಷ್ಟು ಸಡಿಲ ಬಿಡುತ್ತಾನೆ; ಅದೇ ಇದು ಎಂದು ಗುರುತಿಸುವ ಪ್ರತ್ಯಭಿಜ್ಞೆ ನಡೆಯುತ್ತಿರಲಿ ಎನ್ನುತ್ತಾನೆ. ಎಳೆ ಕಡಿಯದಿದ್ದರೆ ಸರಿ.

ಎಳೆ ಕಡಿದರೆ? ಇಲ್ಲಿಗೆ ನನ್ನ ಅಳಿಯನ ಒಂಬತ್ತು ಕಾರು ಬರುತ್ತವೆ.

ಮೊದಲು ಅವುಗಳ ದಾಯಾದಿಗಳ ಮಾತು ಹೇಳಿಬಿಡುತ್ತೇನೆ. 1963ರಲ್ಲಿ ಜಾಗ್ವಾರ್ ತನ್ನ ಇ-ಟೈಪ್ ಕಾರಿಗೆ ಅಲ್ಯೂಮಿನಿಯಂ ಮೈ, ಅಲ್ಯೂಮಿನಿಯಂ ಎಂಜಿನ್ ಕೊಟ್ಟು ನೂರು ಕಿಲೋಗಿಂತ ಹೆಚ್ಚು ತೂಕ ಇಳಿಸಿ 18 ಹಗುರ ಕಾರು ಮಾಡಲು ಹೊರಟಿತು. 12 ಆದವು. ಉಳಿದ ಆರರ ಸಂಖ್ಯೆಗಳು ದಫ್ತರದಲ್ಲಿ ಬರೆದಿದ್ದಂತೆಯೇ 50 ವರ್ಷ ಕೂತಿದ್ದವು. 2014ರಲ್ಲಿ ಕಂಪನಿ ಆ ಆರು ಸಂಖ್ಯೆಗಳಿಗೆ ಆರು ಕಾರು ಮಾಡುತ್ತೇವೆಂದಿತು. 2016ರಲ್ಲಿ ಎಕ್ಸ್‌ಕೆಎಸ್‌ಎಸ್‌ನ 9. 2018ರಲ್ಲಿ, ಡಿ-ಟೈಪ್ 100 ಮಾಡಬೇಕೆಂದಿದ್ದೆವು, 75 ಆಗಿತ್ತು ಎಂದು ಇನ್ನು 25. ಈ ಹೊತ್ತಿಗೆ ಜಾಗ್ವಾರ್ ಟಾಟಾದವರ ಕೈಯಲ್ಲಿತ್ತು, 2008ರಿಂದ. ಹಾಗಾಗಿ, "ನಮ್ಮ ದೇಶದವರೇ ಮಾಡಿಸಿದ್ದು ಮಾವ" ಎಂಬ ವಾದವೂ ಅಳಿಯನ ಬತ್ತಳಿಕೆಯಲ್ಲಿದೆ. ಅದನ್ನು ನಾನು ಹೇತ್ವಾಭಾಸ ಎಂದು ಬದಿಗಿಟ್ಟಿದ್ದೇನೆ.

ಹುಟ್ಟುವ ಮೊದಲಿನ ಇಲ್ಲದಿರುವಿಕೆಗೆ ಪ್ರಾಗಭಾವ ಎಂದು ಹೆಸರು. ಅದಕ್ಕೆ ಆದಿಯಿಲ್ಲ, ಅಂತ ಇದೆ; ವಸ್ತು ಹುಟ್ಟಿದ ಗಳಿಗೆಗೆ ಅದು ಮುಗಿಯುತ್ತದೆ. ನಾಶದ ನಂತರದ ಇಲ್ಲದಿರುವಿಕೆ ಪ್ರಧ್ವಂಸಾಭಾವ, ಅದಕ್ಕೆ ಆದಿ ಇದೆ, ಅಂತ ಇಲ್ಲ. ಮೇಲುನೋಟಕ್ಕೆ ಅಳಿಯನಿಗೆ ಅರ್ಧ ಗೆಲುವು ಸಿಗಬೇಕು. ಆರು ಇ-ಟೈಪ್‌ಗಳು ಸುಟ್ಟಿರಲಿಲ್ಲ, ಹುಟ್ಟೇ ಇರಲಿಲ್ಲ, ಹುಟ್ಟಿಸಿದರೆ ತಪ್ಪೇನು? ನಾನೂ ಎರಡು ದಿನ ಹಾಗೇ ಎಂದುಕೊಂಡು ಸುಮ್ಮನಿದ್ದೆ. ಆದರೆ ಪ್ರಾಗಭಾವ ಎಲ್ಲೆಂದರಲ್ಲಿ ತೇಲುವುದಿಲ್ಲ. ಗಡಿಗೆಯ ಪ್ರಾಗಭಾವ ಇರುವುದು ಅದು ಯಾವುದರಿಂದ ಆಗಲಿದೆಯೋ ಆ ಕಪಾಲಗಳಲ್ಲಿ, ಅಂದರೆ ಮಣ್ಣಿನ ಹೋಳುಗಳಲ್ಲಿ. 1963ರಲ್ಲಿ ಆಗಬೇಕಿದ್ದ ಕಾರು ಆ ಕಾಲದ ಯಾವ ಅಲ್ಯೂಮಿನಿಯಂ ಹಾಳೆಯಲ್ಲಿ ಆಗಬೇಕಿತ್ತೋ ಆ ಹಾಳೆ ಬೇರೆ ಏನೋ ಆಗಿಹೋಯಿತು. 2014ರ ಹಾಳೆಯಲ್ಲಿ ಕಾದು ಕೂತಿದ್ದು 2014ರ ಕಾರು. ದಫ್ತರದ ಸಂಖ್ಯೆಯಲ್ಲಿ ಏನೂ ಕಾದು ಕೂತಿರಲಿಲ್ಲ, ಏಕೆಂದರೆ ಸಂಖ್ಯೆ ಗುಣ, ದ್ರವ್ಯವಿಲ್ಲದೆ ಅದಕ್ಕೆ ನಿಲ್ಲಲು ನೆಲೆಯಿಲ್ಲ. ಶಾಯಿಯಲ್ಲಿ ಬರೆದದ್ದು ಸಂಕಲ್ಪ ಮಾತ್ರ. "ನವದ್ವೀಪದ ರಘುನಾಥ ಶಿರೋಮಣಿ ಸಂಖ್ಯೆಯನ್ನು ಗುಣ ಅಲ್ಲ, ಬೇರೆ ಪದಾರ್ಥ ಅಂದಿದ್ದನಂತಲ್ಲ?" ಎಂದು ಅಳಿಯ ಎಲ್ಲಿಂದಲೋ ಓದಿಕೊಂಡು ಬಂದು ಕೇಳಿದ. ಸಂತೋಷವಾಯಿತು. ಅಂದಿದ್ದ, ಹೌದು. ಆದರೂ ಅದು ಇರಬೇಕಾದದ್ದು ವಸ್ತುವಿನಲ್ಲೇ, ಕಡತದಲ್ಲಲ್ಲ.

ಎಕ್ಸ್‌ಕೆಎಸ್‌ಎಸ್‌ಗಳ ವಿಷಯದಲ್ಲಿ ನನಗೆ ಎರಡು ದಿನದ ಅನುಮಾನವೂ ಇಲ್ಲ. ಬೆಂಕಿ ಬಿದ್ದಾಗ ಅವು ಇದ್ದವು, ಆಮೇಲೆ ಇಲ್ಲ. ಧ್ವಂಸಕ್ಕೆ ಕೊನೆಯುಂಟು ಎಂದರೆ ಧ್ವಂಸವೇ ಧ್ವಂಸವಾಗಬೇಕು, ಒಡೆದ ಗಡಿಗೆ ತಾನೇ ಎದ್ದು ಬರಬೇಕು. ಕಂಪನಿ ಮಾಡಿದ್ದೇನು? ಉಳಿದ ಹಳೆಯ ಕಾರುಗಳನ್ನು ಅಳತೆ ಹಿಡಿದು, ಒಂದೊಂದಕ್ಕೂ ಹತ್ತು ಸಾವಿರ ಗಂಟೆ ಕೂಲಿ ಸುರಿದು, ಒಂಬತ್ತು ಹೊಸ ಕಾರು ಮಾಡಿ, ಅವಕ್ಕೆ 1957ರ ದಾಖಲೆಯ ಸರಣಿಯ ಸಂಖ್ಯೆ ಕೊಟ್ಟಿತು. ಬೆಲೆ ಹತ್ತು ಲಕ್ಷ ಪೌಂಡಿಗಿಂತ ಹೆಚ್ಚು. ಮೊದಲನೆಯದನ್ನು ತೋರಿಸಿದ್ದು ಅದೇ ಪೀಟರ್ಸನ್ ಸಂಗ್ರಹಾಲಯದಲ್ಲಿ, ಮೆಕ್ವೀನ್‌ನ ಹಳೆಯ ಕಾರು ಇರುವ ಮನೆಯಲ್ಲೇ. ಅಳಿಯ ಕೊನೆಯ ಅಸ್ತ್ರ ಬಿಟ್ಟ: ನಕ್ಷೆ ಅದೇ, ಅಳತೆ ಅದೇ, ನಕ್ಷೆಯೇ ಕಾರಿನ ಆತ್ಮ, ಆತ್ಮ ನಿತ್ಯ ಅಂತ ನೀವೇ ಹೇಳ್ತೀರಲ್ಲ, ಹೊಸ ದೇಹ ಕೊಟ್ಟರೆ ಅದೇ ಅಲ್ಲವೇ? ನಕ್ಷೆ ಆತ್ಮವಲ್ಲ, ಸಾಮಾನ್ಯ ಎಂಬ ಪದಾರ್ಥ. ಎಲ್ಲ 16ರಲ್ಲೂ ಒಟ್ಟಿಗೆ ಇರಬಲ್ಲದ್ದು ಯಾರೊಬ್ಬರ ಆತ್ಮವೂ ಆಗಲಾರದು. ಕೊಟ್ಟಿಗೆಯಲ್ಲಿ ಹೊಸ ಕರು ಹುಟ್ಟಿತೆಂದರೆ ಸತ್ತ ಹಸು ಗೌರಿ ಎದ್ದು ಬಂದಳೆಂದಲ್ಲ.

ಇದಕ್ಕೆ ಇಷ್ಟು ಹಟ ಏಕೆ ಎಂದು ಮಗಳು ಕೇಳಿದಳು. ಯಾರೋ ದುಡ್ಡಿದ್ದವರ ಆಟಿಕೆ, ನಿಮಗೇನು ಹೋಗಬೇಕು ಅಪ್ಪ? ನನಗೆ ಹೋಗಬೇಕಾದದ್ದು ಮೋಕ್ಷ. ತಮಾಷೆಯಲ್ಲ. ನೈಯಾಯಿಕನ ಮುಕ್ತಿಯಲ್ಲಿ ಆನಂದವಿಲ್ಲ, ವೈಕುಂಠವಿಲ್ಲ, ಬೆಳಕಿಲ್ಲ. 21 ಬಗೆಯ ದುಃಖಗಳ ಧ್ವಂಸ, ಅದೂ ಮತ್ತೆ ತಲೆ ಎತ್ತದಂಥ ಧ್ವಂಸ, ಅಷ್ಟೇ. ಇದೆಂಥ ಕಲ್ಲಿನಂಥ ಮುಕ್ತಿ ಎಂದು ನೈಷಧ ಕಾವ್ಯದಲ್ಲಿ ಶ್ರೀಹರ್ಷ ಚಾರ್ವಾಕನ ಬಾಯಲ್ಲಿ ಗೇಲಿ ಮಾಡಿಸುತ್ತಾನೆ, ನಮ್ಮ ವೇದಾಂತಿಗಳೂ ಮುಸಿಮುಸಿ ನಗುತ್ತಾರೆ. ನಗಲಿ. ಆ ಮುಕ್ತಿಗೆ ಇರುವ ಏಕೈಕ ಭದ್ರತೆ ಧ್ವಂಸಕ್ಕೆ ಅಂತವಿಲ್ಲ ಎಂಬುದು. ಅದನ್ನು ಕಿತ್ತುಕೊಂಡರೆ ಇಂದು ಮುಕ್ತನಾದವನ ದುಃಖ ನಾಳೆ ಯಾವುದೋ ಕಾರ್ಖಾನೆಯಲ್ಲಿ, ಅದೇ ಅಳತೆಯಲ್ಲಿ, ಅದೇ ಸಂಖ್ಯೆ ಹೊತ್ತು ಮತ್ತೆ ತಯಾರಾಗಬಹುದು. ಕಾರು ಮರಳಿ ಬರಬಲ್ಲದು ಎಂದು ಒಪ್ಪಿದವನು ತಲೆನೋವು ಮರಳಿ ಬರಲಾರದು ಎಂದು ಯಾವ ಬಾಯಲ್ಲಿ ಹೇಳುತ್ತಾನೆ? ಎರಡಕ್ಕೂ ಒಂದೇ ನಿಯಮ.

ಇದರ ಬೆಲೆ ಏನೆಂದು ನನಗೆ ಗೊತ್ತು. ನಮ್ಮ ಅಣ್ಣ ತೀರಿಕೊಂಡ ವರ್ಷವೇ ಮನೆಯಲ್ಲಿ ಗಂಡುಮಗು ಹುಟ್ಟಿತು. ಅವನೇ ಬಂದ ಎಂದು ಅತ್ತಿಗೆಯ ಕಡೆಯವರೆಲ್ಲ ಹೇಳಿದರು. ಶಾಸ್ತ್ರ ಅದನ್ನು ಅಡ್ಡ ತಳ್ಳುವುದಿಲ್ಲ, ಆತ್ಮ ನಾಶವಾಗಿರಲೇ ಇಲ್ಲ, ಬರಬಹುದು. ಆದರೆ ಎಡಗೈಯಲ್ಲಿ ಬರೆಯುತ್ತಿದ್ದ, ಶ್ರಾದ್ಧದ ದಿನ ಮಾತ್ರ ಬಲಗೈಯಲ್ಲಿ ಒದ್ದಾಡುತ್ತ ಎಳ್ಳುನೀರು ಬಿಡುತ್ತಿದ್ದ ಆ ಕೈ ಬರಲಿಲ್ಲ, ಬರುವುದೂ ಇಲ್ಲ. ಲಯನ್ಸ್ ತನ್ನ ಮಗ ಸತ್ತ ಎರಡು ವರ್ಷದೊಳಗೆ ಕಾರ್ಖಾನೆ ಉರಿಯುವುದನ್ನು ನೋಡಿದ. ಕಾರ್ಖಾನೆಯನ್ನು ಎಬ್ಬಿಸಿ ನಿಲ್ಲಿಸಿದ. ಎಕ್ಸ್‌ಕೆಎಸ್‌ಎಸ್ ಮತ್ತೆ ಮಾಡಲು ಹೋಗಲಿಲ್ಲ. ಅದಕ್ಕೆ ಕಾರಣ ಹಣದ ಲೆಕ್ಕವೇ ಇರಬೇಕು, ವೈರಾಗ್ಯ ಎಂದು ನಾನು ಬಣ್ಣ ಕಟ್ಟುವುದಿಲ್ಲ. ಆದರೆ ಆ 9 ಹೋದವು ಎಂದು ಒಪ್ಪಿಕೊಂಡವರಲ್ಲಿ ಅವನೇ ಮೊದಲಿಗ.

ಹಳೆಯ 16ರ ಮಾಲೀಕರ ಪರವಾಗಿ ನಾನು ವಾದಿಸುತ್ತಿದ್ದೇನೆಂದು ಯಾರೂ ತಿಳಿಯಬಾರದು. ಅವರ ಕಾರಿನ ಬೆಲೆಯಲ್ಲಿ ಲೋಹದ ಪಾಲು ಎಷ್ಟು? ಉಳಿದದ್ದೆಲ್ಲ 9ರ ಅಭಾವದ ಬೆಲೆ. ಪ್ರಾಭಾಕರರ ಮತ ನಿಜವಾಗಿದ್ದರೆ ಅವರಿಗೆ ಇಷ್ಟು ದುಡ್ಡು ಹುಟ್ಟುತ್ತಿರಲಿಲ್ಲ, ಹಿಂದಿನ ಸಾಲಿನ ಹುಡುಗನಿಗೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ. ಹೊಸ 9 ಬಂದು ಅವರ ಬೆಲೆ ಇಳಿದರೆ ನನಗೇನೂ ವ್ಯಥೆಯಿಲ್ಲ. ಹೊಸವು ಒಳ್ಳೆಯ ಕಾರುಗಳೇ ಇರಬೇಕು. ಅಳಿಯನ ಫೋನಿನಲ್ಲಿ ಒಂದರ ಸದ್ದು ಕೇಳಿದೆ, ಅಷ್ಟು ಗಂಟಲಿರುವ ಪುರೋಹಿತರು ಈಗ ಕಡಿಮೆ. ಮಾಡಿದ ಕೈಗಳಿಗೆ ಕೂಲಿ ಸಿಕ್ಕಿದೆ, ಕೆಲಸ ಮರೆಯದೆ ಉಳಿದಿದೆ, ಅದೂ ಸಣ್ಣದಲ್ಲ.

ನನ್ನ ತಕರಾರು ಕೂಡಿಕೆಯ ಬಗ್ಗೆ ಮಾತ್ರ. 16ಕ್ಕೆ 9 ಕೂಡಿಸಿ 25 ಎನ್ನಬೇಕಾದರೆ, ಬೆಂಕಿ ಬಿದ್ದೇ ಇಲ್ಲ ಎಂದುಕೊಂಡ ಒಂದು ಅಪೇಕ್ಷಾಬುದ್ಧಿ ಬೇಕು. ಆ ಬುದ್ಧಿ ಕಂಪನಿಯ ಜಾಹೀರಾತಿನವರಿಗೆ ಇರಬಹುದು, ನನಗಿಲ್ಲ. ಮೊನ್ನೆ ಅಳಿಯ ಬರೆದಿದ್ದ: "ಹಾಗಾದ್ರೆ 1958ರಲ್ಲಿ ಬದಲಿಸಿಕೊಟ್ಟ ಎರಡರ ಗತಿ ಏನು? ಅವನ್ನ 16ಕ್ಕೆ ಸೇರಿಸ್ತೀರೋ ಇಲ್ವೋ?" ಪ್ರಶ್ನೆ ಒಳ್ಳೆಯದು. ಅವು ಬೆಂಕಿಯಲ್ಲಿ ಹೋದ ಯಾವುದರ ಹೆಸರನ್ನೂ ಎತ್ತಿಕೊಳ್ಳಲಿಲ್ಲ, ಡಿ-ಟೈಪ್ ಆಗಿ ಹುಟ್ಟಿ ತಮ್ಮ ಸಂಖ್ಯೆಯಲ್ಲೇ ರೂಪ ಬದಲಿಸಿದವು. ಸೇರಿಸಬಹುದು, 18 ಎನ್ನು, ಎಂದು ಉತ್ತರ ಕಳಿಸಿದ್ದೇನೆ. ಹೊಸ ಒಂಬತ್ತಕ್ಕೆ ಬೇರೆ ಪಟ್ಟಿ ಮಾಡಿ, ಒಂದರಿಂದ ಎಣಿಸಿ, ಪಕ್ಕದಲ್ಲಿ ಅವು ತಯಾರಾದ ವರ್ಷ ಬರೆಯಲಿ.